ಕೆಮ್ಮಿಲ್ಲದ ಚಾಳು

ಸಯನ್ ಬಡಾವಣೆಯ ಒಂದು ಚಾಳಿನಲ್ಲಿ, ಸಾಲುಕೋಣೆಗಳ ವಠಾರದಲ್ಲಿ, ಕೆಮ್ಮಿನ ಬಗ್ಗೆ ಎರಡನೇ ವರ್ಷದ ಸಂಶೋಧನೆಗೆ ಹೋಗಿದ್ದೆ. ಮೊದಲ ವರ್ಷ ನನ್ನನ್ನು ಇಲ್ಲಿನ ಮನೆಮನೆಗೆ ಕರೆದೊಯ್ದಿದ್ದ, ವಿಜಯಪುರದಿಂದ ಬಂದು ನೆಲೆಸಿದ ಗಂಗವ್ವ ತಮ್ಮ ಬಾಗಿಲಲ್ಲೇ ಕೆಮ್ಮುತ್ತ ನಿಂತಿದ್ದರು.

"ಕೆಮ್ಮು ಇದೆಯೇನಮ್ಮಾ?" ಎಂದೆ.

"ಇಲ್ರಿ," ಎಂದವರು ಮತ್ತೆ ಕೆಮ್ಮಿದರು.

"ಈಗ ಕೆಮ್ಮಿದಿರಲ್ಲ?"

"ಐತಿ ಅಂದ್ರ ಇನ್ನೂ ಇಪ್ಪತ್ತು ಪ್ರಶ್ನಿ ಕೇಳ್ತೀರಿ. ಅಷ್ಟರಾಗ ನಳದ ನೀರು ಹೋಗಿಬಿಡ್ತೈತ್ರಿ. ಅದಕ್ಕ ಹ್ವಾದ ವರ್ಷನ ಎಲ್ಲಾರಿಗೂ ಹೇಳಿಟ್ಟೀನಿ, ಇಲ್ಲ ಅಂದುಬಿಡ್ರಿ ಅಂತ."

ಈ ಚಾಳಿನಲ್ಲಿ ಕೆಮ್ಮು ತೀರಾ ಕಡಿಮೆ ಎಂದು ಹೋದ ವರ್ಷದ ವರದಿಯಲ್ಲಿ ನಾನು ಬರೆದದ್ದನ್ನು ನಂಬಿ, ಇಲ್ಲಿಗೆ ಬರುತ್ತಿದ್ದ ಕೆಮ್ಮಿನ ತಪಾಸಣೆಯ ವ್ಯಾನನ್ನೇ ಆರೋಗ್ಯ ಇಲಾಖೆಯವರು ಬೇರೆ ಕಡೆಗೆ ಕಳಿಸಿದ್ದರು.

ಆ ವರದಿಯ ಕೊನೆಯ ಪುಟದಲ್ಲಿ ಗಂಗವ್ವನ ಸಹಕಾರಕ್ಕೆ ಕೃತಜ್ಞತೆಯನ್ನೂ ಸಲ್ಲಿಸಿದ್ದೆ.