ಆಫ್-ಆನ್ ಅಣ್ಣ

ನಮ್ಮ ಆಫೀಸಿನಲ್ಲಿ ಮೀಟಿಂಗ್ ಆ್ಯಪ್ ತೆರೆಯಲಿಲ್ಲವೆಂದರೆ ಮೇಲಿನ ಮಹಡಿಯಿಂದ ಕಂಪ್ಯೂಟರ್ ರಿಪೇರಿಯವರು ಇಳಿದು ಬರುತ್ತಾರೆ. ಅವರಿಗೂ ಒಂದು ಹೆಸರಿದೆ, ಆದರೆ ಎಲ್ಲರ ಬಾಯಲ್ಲೂ ಆಫ್-ಆನ್ ಅಣ್ಣ. ಬಂದವರೇ ಕುರ್ಚಿಯಲ್ಲಿದ್ದವರನ್ನು ಎಬ್ಬಿಸಿ, ಕೀಬೋರ್ಡನ್ನು ಬೋರಲು ಹಾಕಿ ಕುಟ್ಟಿ, ಉದುರಿದ ಬಿಸ್ಕತ್ತಿನ ಪುಡಿಯನ್ನು ಸಾಕ್ಷಿಯಂತೆ ಎಲ್ಲರಿಗೂ ತೋರಿಸಿ, "ಹೊಟ್ಟೆ ತುಂಬ ತಿಂದು ಮಲಗಿದೆ, ಕರೆದ್ರೆ ಎಲ್ಲಿ ಏಳುತ್ತೆ?" ಎನ್ನುತ್ತಾರೆ. ಆಮೇಲೆ ಆಫ್ ಮಾಡುತ್ತಾರೆ, ಕೈಕಟ್ಟಿ ಹತ್ತು ಎಣಿಸುತ್ತಾರೆ, ಆನ್ ಮಾಡುತ್ತಾರೆ. ತೆರೆದುಕೊಂಡರೆ ಅವರ ವಿದ್ಯೆ, ಇಲ್ಲದಿದ್ದರೆ ನಮ್ಮ ಹಣೆಬರಹ, ಇನ್ನೊಮ್ಮೆ ಆಫ್. "ಇಪ್ಪತ್ತು ವರ್ಷದಲ್ಲಿ ಒಂದು ಸಲಾನೂ ನನ್ನ ಕೈಲಿ ಆಗಲ್ಲ ಅಂದಿಲ್ಲ" ಎಂಬ ಜಂಬ ಬೇರೆ. ಮೊನ್ನೆ ಮ್ಯಾನೇಜರು ಎಲ್ಲ ಶಾಖೆಗಳವರ ಎದುರು ನಮ್ಮ ಟೈಪಿಸ್ಟ್ ಅಕ್ಕನನ್ನು ತರಾಟೆಗೆ ತೆಗೆದುಕೊಳ್ಳಲಿದ್ದ ಮೀಟಿಂಗು. ಸರಿಯಾಗಿ ಆಗಲೇ ಅಕ್ಕನ ಆ್ಯಪ್ ಕೈಕೊಟ್ಟಿತು. ಅಣ್ಣ ಬಂದು ಕುಟ್ಟಿ, ಎಣಿಸಿ, ಕೊನೆಗೆ ಮೇಜಿನಡಿ ಬಗ್ಗಿದರು. ನೆಟ್ ವೈರನ್ನು ಯಾರೋ ಕಿತ್ತು, ಅಚ್ಚುಕಟ್ಟಾಗಿ ಸುತ್ತಿ, ಅಕ್ಕನ ಚಪ್ಪಲಿಯ ಹಿಂದೆ ಇಟ್ಟಿದ್ದರು. ತಲೆಯೆತ್ತಿ ಅಕ್ಕನ ಕೆಂಪಾದ ಕಣ್ಣುಗಳನ್ನು ಒಮ್ಮೆ ನೋಡಿದರು. ವೈರನ್ನು ಮೆಲ್ಲಗೆ ಜೇಬಿಗೆ ಸೇರಿಸಿ, ಮ್ಯಾನೇಜರ ಕೋಣೆಗೆ ಕೇಳುವಂತೆ ಕೂಗಿದರು: "ಸಾರ್, ಇದು ನನ್ನ ಕೈಲಿ ಆಗಲ್ಲ!"