ಬ್ಯಾಂಕಾಕಿನ ಫೋನು, ಸಿರುಗುಪ್ಪದ ಕಿವಿ

ಹೋದ ತಿಂಗಳು ಬ್ಯಾಂಕಾಕಿನ ಒಂದು ಹೋಟೆಲ್ ರೂಮಿನಲ್ಲಿ ಫೋನಿನ ರಿಸೀವರ್ ಹಿಡಿದು ನಾನು ‘ಟುಂಯ್... ಟುಂಯ್... ಟುಂಯ್’ ಎಂದು ಕೂಗುತ್ತಿದ್ದೆ. ಮಂಚದ ಮೇಲೆ ಕೂತಿದ್ದ ಕುರುಗೋಡಿನ ವೀರೇಶ, ಸೆಖೆಗೆ ನನ್ನ ತಲೆ ಕೆಟ್ಟಿತೆಂದುಕೊಂಡನೋ ಏನೋ. (ಸೆಖೆಗೆ ಕೆಡುವುದಿದ್ದರೆ ಬಳ್ಳಾರಿಯಲ್ಲೇ ಕೆಡಬೇಕಿತ್ತು.)

ಕೆಟ್ಟಿರಲಿಲ್ಲ. ನಾನು ಅಂಕಣ ಕಳಿಸುತ್ತಿದ್ದೆ!

ವೀರೇಶ ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟ್ ಹೊಲಿಸುತ್ತಾನೆ. ಹೊಲಿಗೆ ಮಷಿನ್‌ಗಳ ಪ್ರದರ್ಶನ ನೋಡಲು ಹೊರಟವನು, ‘ನನಗ ಇಂಗ್ಲಿಷ್ ಬರಂಗಿಲ್ಲ, ನೀವೂ ಬರ್ರಿ ಸರ’ ಎಂದು ನನ್ನನ್ನೂ ಹೊರಡಿಸಿದ. ‘ಈ ವಾರದ್ದು ಬರೆದುಕೊಟ್ಟು ಹೋಗ್ತೀರಾ?’ ಎಂದು ಸಂಪಾದಕರು ಕೇಳಿದರು. ನಾನು ಹೊಸ ಲ್ಯಾಪ್‌ಟಾಪನ್ನು ತಟ್ಟಿದೆ. ‘ಇದರೊಳಗೆ ಮೋಡೆಮ್ ಇದೆ ಸರ್. ಫೋನಿನ ವೈರು ಚುಚ್ಚಿದರೆ ಸಾಕು. ಯಾವ ದೇಶದಿಂದಲಾದರೂ ಇಂಟರ್ನೆಟ್ಟಿನಲ್ಲಿ ನಿಮ್ಮ ಟೇಬಲ್ಲಿಗೆ ಬಂದು ಬೀಳುತ್ತೆ.’ ಆಫೀಸಿನವರೆಲ್ಲ ಕೇಳಿಸಿಕೊಳ್ಳಲಿ ಎಂದು ತುಸು ಗಟ್ಟಿಯಾಗಿಯೇ ಹೇಳಿದೆ.

ಬ್ಯಾಂಕಾಕಿನಲ್ಲಿ ವೈರು ಚುಚ್ಚಿದೆ. ಪರದೆಯ ಮೇಲೆ ‘ನೋ ಡಯಲ್ ಟೋನ್’ ಎಂದು ಬಂತು. ರಿಸೀವರ್ ಎತ್ತಿ ಕಿವಿಗಿಟ್ಟರೆ ಟೋನ್ ಇದೆ! ನನಗೆ ಕೇಳಿಸುವುದು ಇದಕ್ಕೇಕೆ ಕೇಳಿಸದು? ಹತ್ತು ಸಲ ಚುಚ್ಚಿದೆ, ಹತ್ತು ಸಲ ಕಿತ್ತೆ.

‘ಕೆಳಗ ಫ್ಯಾಕ್ಸ್ ಐತ್ರಿ ಸರ’ ಎಂದ ವೀರೇಶ.

ಫ್ಯಾಕ್ಸ್! ಅಷ್ಟು ಕೊಚ್ಚಿಕೊಂಡು ಬಂದವನು ಫ್ಯಾಕ್ಸ್ ಮಾಡುವುದೇ? ಪೇಪರಿನಲ್ಲಿ ನನ್ನ ಜಾಗ ಖಾಲಿ ಬಿದ್ದರೂ ಸರಿ, ಫ್ಯಾಕ್ಸ್ ಮಾತ್ರ ಕೂಡದು ಎನ್ನುವಂಥ ಹಟ.

ಆಗ ನೆನಪಾದವನು ಖಾಜಾ. ಸಿರುಗುಪ್ಪದ ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವನು, ಈಗ ಅಲ್ಲೇ ಟೆಲಿಫೋನ್ ಲೈನ್‌ಮ್ಯಾನ್. ಡೈರಿ ತೆಗೆದು ಅವನ ಮನೆಗೆ ಫೋನ್ ಮಾಡಿದೆ. ಎತ್ತಿದ್ದು ಅವನ ಹೆಂಡತಿ ರಜಿಯಾ. ಖಾಜಾ ಬರಲು ತಡವಾಯಿತು. ನಾನು ಗೊಣಗಿಕೊಂಡೆ.

‘ಖಾಜಾ, ನಾನಲೇ ಶಿವು. ಬ್ಯಾಂಕಾಕ್‌ನಾಗ ಅದೀನಿ. ಕಂಪ್ಯೂಟರ್‌ನಾಗ ನೋ ಡಯಲ್ ಟೋನ್ ಅಂತ ಬರಾಕಹತ್ತೈತಿ. ಫೋನ್‌ನಾಗ ನೋಡಿದ್ರ ಟೋನ್ ಐತಿ.’

‘ಆ ಟೋನ್ ಹೆಂಗ್ ಬರ್ತೈತಿ?’

‘ಹೆಂಗ್ ಅಂದ್ರ?’

‘ಬಾಯಿಲೆ ಮಾಡಿ ತೋರ್ಸಲೇ.’

ಮಾಡಿದೆ. ‘ನಡುವ ಬಿಡ್ತೈತೇನು?’ ಎಂದ. ಬಿಡುತ್ತದೆ ಎಂದೆ. ‘ಅದು ಎಷ್ಟು ಬಿಡ್ತೈತೋ ಅಷ್ಟ ಬಿಟ್ಟು ಮಾಡು.’ ಮತ್ತೆ ಮಾಡಿದೆ. ವೀರೇಶ ದಿಂಬಿನಲ್ಲಿ ಮುಖ ಮುಚ್ಚಿಕೊಂಡ.

‘ಆತು ಸಾಕು’ ಎಂದ ಖಾಜಾ. ‘ನಮ್ಮ ಲೈನ್‌ನಾಗ ಗುಂಯ್ ಅಂತ ಒಂದ ಸಮ ಬರ್ತೈತಿ. ನಿನ್ನ ಡಬ್ಬಿ ಅದನ್ನ ಕಾಯ್ಕೋಂತ ಕುಂತೈತಿ. ಅಲ್ಲೀದು ಬ್ಯಾರೆ ರಾಗ. ಟೋನ್ ಕಾಯಬ್ಯಾಡ, ಸೀದಾ ನಂಬರ್ ಹೊಡಿ ಅಂತ ಅದಕ್ಕ ಹೇಳಾಕ ಎಲ್ಲ್ಯಾರ ಜಾಗ ಇರ್ತೈತಿ. ಹುಡುಕು.’

ಫೋನಿಟ್ಟು ಹುಡುಕಿದೆ. ಮೋಡೆಮ್‌ನ ಸೆಟ್ಟಿಂಗ್‌ನಲ್ಲಿ ‘ಡಯಲ್ ಟೋನ್‌ಗಾಗಿ ಕಾಯಿರಿ’ ಎಂಬ ಸಾಲು, ಅದರ ಮುಂದೊಂದು ಟಿಕ್ ಮಾರ್ಕ್. ತೆಗೆದೆ. ಮೋಡೆಮ್ ಗೊರಗೊರ ಎಂದು ಕಿರುಚಿ ಬಳ್ಳಾರಿಯನ್ನು ಹಿಡಿದೇಬಿಟ್ಟಿತು. ಕಂಪ್ಯೂಟರನ್ನೇ ಮುಟ್ಟದವನು ಸಿರುಗುಪ್ಪದಿಂದ ನನ್ನ ಕಂಪ್ಯೂಟರ್ ರಿಪೇರಿ ಮಾಡಿದ್ದ.

ಆ ವಾರದ ಅಂಕಣ ನೀವು ಓದಿದ್ದೀರಿ. ತಂತಿಯೊಂದಿದ್ದರೆ ಈಗ ಯಾರೂ ಯಾರಿಗೂ ದೂರವಲ್ಲ ಎಂದು ಬರೆದಿದ್ದೆ. ಊರಿಗೆ ಬಂದವನು ಸಂಪಾದಕರ ಮುಂದೆ ಮತ್ತೊಮ್ಮೆ ಲ್ಯಾಪ್‌ಟಾಪ್ ತಟ್ಟಿದೆ. ಖಾಜಾನ ಹೆಸರು ಎತ್ತಲಿಲ್ಲ.

ಮೊನ್ನೆ ಭಾನುವಾರ ಬ್ಯಾಂಕಾಕಿನಿಂದ ತಂದ ಒಂದು ಸೆಂಟಿನ ಬಾಟಲಿ ಹಿಡಿದು ಸಿರುಗುಪ್ಪಕ್ಕೆ ಹೋದೆ. ಖಾಜಾ ಮಂಚದ ಮೇಲೆ ಮಲಗಿದ್ದ. ಬಲಗಾಲಿಗೆ ತೊಡೆಯವರೆಗೆ ಪ್ಲಾಸ್ಟರ್. ಅಲ್ಲೇ ಕರೂರು ಹಳ್ಳಿಯ ಹತ್ತಿರ ಕಂಬದಿಂದ ಬಿದ್ದನಂತೆ.

‘ಯಾವಾಗಲೇ?’

ಉತ್ತರ ಕೊಟ್ಟಿದ್ದು ರಜಿಯಾ. ‘ನೀವು ಫೋನ್ ಮಾಡಿದಾಗ ಬಿದ್ದು ಎಂಟು ದಿನ ಆಗಿತ್ರಿ ಅಣ್ಣಾರ. ಪರದೇಶದಿಂದ ಶಿವು ಅಂದ ಕೂಡ್ಲೇ ಏನಾತೋ ಏನೋ ಅಂತ ಗೋಡಿ ಹಿಡ್ಕೊಂಡು ಎದ್ದು ಬಂದ್ರು. ನೀವು ಅದೇನೋ ರಾಗ ಹಾಡೂತನಾ ಒಂದ ಕಾಲ ಮ್ಯಾಲೆ ನಿಂತಿದ್ರು.’

ಸೆಂಟಿನ ಬಾಟಲಿ ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ.

‘ಯಾಕಲೇ ನನಗ ಹೇಳಲಿಲ್ಲ?’

‘ನೀ ಎಲ್ಲಿ ಕೇಳಿದಿ?’ ಎಂದು ಖಾಜಾ ನಕ್ಕ. ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಮೂರು ವರ್ಷದ ಮೇಲೆ ಫೋನ್ ಮಾಡಿದವನು ‘ಹೆಂಗದೀ?’ ಎಂದೂ ಕೇಳಿರಲಿಲ್ಲ. ಅವತ್ತು ಟುಂಯ್ ಟುಂಯ್ ಎಂದಿದ್ದು ಬಿಟ್ಟರೆ ನಾನು ಅವನ ಜೊತೆ ಆಡಿದ ಮಾತೇನು?

ಇರಲಿ, ನಿಮ್ಮನ್ನೊಂದು ಕೇಳುತ್ತೇನೆ: ಏನೂ ಕೆಲಸವಿಲ್ಲದೆ ನೀವು ಯಾರಿಗಾದರೂ ಫೋನ್ ಮಾಡಿ ಎಷ್ಟು ದಿನವಾಯಿತು?