ಡೈನೋಗೆ ಕಟ್ಟಿದ ಕುಂಬಳಕಾಯಿ

ಗೋಪಿ ಕೆಲ್ಸ ಹೋಗಿದ್ದು ನನ್ನಿಂದ. ಸರಿಯಾಗಿ ಹೇಳ್ಬೇಕು ಅಂದ್ರೆ — ನಾನು ಕಟ್ಟಿದ ಒಂದು ಬೂದುಗುಂಬಳಕಾಯಿಂದ. ನಗಿ, ಪರ್ವಾಗಿಲ್ಲ. ನಗೋ ಜಾಗ ಮುಗಿದಾಗ ನಾನೇ ಹೇಳ್ತೀನಿ.

ಸೋಂಪುರದಲ್ಲಿ ವ್ಯಾನ್ ಎಂಜಿನ್ ಪರೀಕ್ಷೆ ಮಾಡೋ ಶೆಡ್ಡು. ನಾನು, ದೊಡ್ಡಬಳ್ಳಾಪುರದ ನೇಕಾರರ ಮನೆ ಗೋಪಿ — ಇಬ್ರೂ ಟ್ರೈನಿಗಳು. ಎಂಜಿನ್ನ ನೆಲಕ್ಕೆ ಬಿಗಿದು ಡೈನೋ ಅನ್ನೋ ಮೆಷಿನ್ನಿಗೆ ಜೋಡಿಸ್ತಿದ್ವಿ. ಕಂಪ್ಯೂಟರು ‘ಈಗ ದಿಬ್ಬ, ಈಗ ಇಳಿಜಾರು’ ಅಂತ ಹೇಳ್ದಂಗೆಲ್ಲ ಡೈನೋ ಎಂಜಿನ್ನ ಬ್ರೇಕಿನ ಥರ ಹಿಡಿಯೋದು, ಬಿಡೋದು. ಪಾಪ ಎಂಜಿನ್ನು, ಶಿವಗಂಗೆ ಬೆಟ್ಟ ಹತ್ತುತಾ ಇದ್ದೀನಿ ಅಂದ್ಕೊಂಡು ನಿಂತಲ್ಲೇ ಏದುಸಿರು ಬಿಡೋದು. ಡೈನೋ ಪಕ್ಕಕ್ಕೊಂದು ಕಬ್ಬಿಣದ ತೋಳು. ಅದು ಕೆಳಕ್ಕೆ ಎಷ್ಟು ಒತ್ತುತ್ತೋ ಅಷ್ಟು ಎಂಜಿನ್ ಬಲ ಅಂತ ಕಂಪ್ಯೂಟರ್ ತೋರ್ಸೋದು.

ಆಯುಧಪೂಜೆ ದಿನ ಕುಂಬಳಕಾಯಿಗೆ ಕಣ್ಣು, ಮೀಸೆ ಬರ್ದು, ದೃಷ್ಟಿಗೆ ಅಂತ ನೇತಾಕೋಕೆ ಜಾಗ ಹುಡುಕ್ದೆ. ದೇವ್ರೇ ಹೊಡ್ದಿಟ್ಟ ಮೊಳೆ ಥರ ಆ ತೋಳು ಕಾಣ್ತು. ಕಟ್ಟೇಬಿಟ್ಟೆ!

ಎಂಜಿನ್ ಆಫ್ ಆಗಿರುವಾಗ ಪರದೆ ಸೊನ್ನೆ ತೋರಿಸ್ತಿದ್ಯಾ ಅಂತ ದಿನಾ ನೋಡೋದು ನನ್ನ ಕೆಲ್ಸ. ನಾನು ನೋಡ್ತಿದ್ದಿದ್ದು ಕ್ಯಾಂಟೀನ್ ಇಡ್ಲಿ.

ಹಬ್ಬ ಕಳೆದ್ಮೇಲೆ ಗೋಪಿ ತಾನೇ ಟ್ಯೂನ್ ಮಾಡಿದ್ದ ಎಂಜಿನ್ ಓಡಿಸ್ದ. ಯಾವತ್ತೂ ಕಾಣದಷ್ಟು ಬಲ! ಮ್ಯಾನೇಜರ್ರು ಬೆನ್ನು ತಟ್ಟಿ, “ನಿನ್ನ ಕಾಯಂ ಮಾಡಿಸ್ತೀನಿ ಕಣಯ್ಯಾ” ಅಂದ್ರು. ಅವ್ನು ಎಲ್ರಿಗೂ ಮೈಸೂರ್‌ಪಾಕ್ ಹಂಚ್ದ. ನಾನು ಎರಡು ತಿಂದೆ.

ಕಾಯಿ ಕೊಳೆತು ಸೋರೋಕೆ ಶುರುವಾಯ್ತು. ಮೂಗು ಮುಚ್ಕೊಂಡು ಬಿಚ್ಚಿದೆ — ನಿಂತಿದ್ದ ಎಂಜಿನ್ನಿನ ನಂಬರು ಕಣ್ಮುಂದೆನೇ ಸೊನ್ನೆಗೆ ಇಳೀತು. ಆ ಕ್ಷಣಕ್ಕೇ ಗೊತ್ತಾಯ್ತು ನನಗೆ, ಗೋಪಿ ಎಂಜಿನ್ನಿಗೆ ಬಂದಿದ್ದ ಹೆಚ್ಚಿನ ಬಲ ಈ ಕಾಯಿ ತೂಕ ಅಂತ. ಹೇಳ್ಬೋದಿತ್ತು. ಗೋಪಿ ಹತ್ತಿರದಲ್ಲೇ ನಿಂತಿದ್ದ. ಆದ್ರೆ ನಾನೂ ಕಾಯಂ ಆಗ್ಬೇಕಿತ್ತಲ್ಲ — ಕಾಯಿನ ಕಾಂಪೌಂಡ್ ಆಚೆ ಎಸೆದು ಕೈ ತೊಳ್ಕೊಂಡೆ.

ಮಾರನೇ ದಿನ ಎಂಜಿನ್ ಕೊಳ್ಳೋರು ಬಂದ್ರು. ಅವ್ರ ಮುಂದೆ ಅದೇ ಎಂಜಿನ್ ಸೊರಗಿಹೋಯ್ತು. ಅವ್ರು ಹೋಗ್ತಿದ್ದಂಗೇ ಮ್ಯಾನೇಜರ್ ಕೂಗಿದ್ರು: “ಯಾವನೋ ಅವ್ನು, ಸುಳ್ಳು ನಂಬರ್ ತೋರಿಸ್ದೋನು?”

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ — ಬರೀ ಗಾದೆ ಅಂದ್ಕೊಂಡಿದ್ದೆ. ನನ್ನ ಕೈ ತಾನಾಗೇ ಹೆಗಲಿಗೆ ಹೋಯ್ತು! ಯಾರೂ ನೋಡ್ಲಿಲ್ಲ. ಎಲ್ರೂ ಗೋಪಿನ ನೋಡ್ತಿದ್ರು.

ನಗೋ ಜಾಗ ಇಲ್ಲಿಗೆ ಮುಗೀತು.

“ಆ ಎಂಜಿನ್ ಬಿಚ್ಚಿ ಸ್ಟೋರಿಗೆ ತಳ್ಬಿಟ್ಟು ಹೊರಡು. ನಾಳೆಯಿಂದ ಬರ್ಬೇಡ” ಅಂದ್ರು ಅವ್ನಿಗೆ. ಎಂಜಿನ್ ಟ್ರಾಲಿ ತಳ್ಳೋಕೆ ಯಾವಾಗ್ಲೂ ನಾವಿಬ್ರೂ ಬೇಕು. ಅವತ್ತು ನನ್ನ ಕರೀದೆ ಒಬ್ನೇ ತಳ್ಕೊಂಡು ಹೋದ. ನನ್ನ ಮೇಲೆ ಕೋಪ ಇರ್ಬೇಕು ಅಂದ್ಕೊಂಡೆ. ನಾನು ಕಾಯಂ ಆದೆ.

ವರ್ಷಗಟ್ಲೆ ತಡೆದು ಮೊನ್ನೆ ದೊಡ್ಡಬಳ್ಳಾಪುರಕ್ಕೆ, ಗೋಪಿ ಹತ್ರ ಹೋದೆ. ಮಗ್ಗಗಳ ಸದ್ದಲ್ಲಿ ಕಿರುಚಿ ಕಿರುಚಿ ಎಲ್ಲಾ ಹೇಳ್ದೆ. ನಿಮ್ಮಿಂದ ಕ್ಷಮೆ ಬೇಡ, ಅವ್ನಿಂದಾನೂ ಕೇಳ್ಲಿಲ್ಲ. ಗೋಪಿ ಮೊದ್ಲು “ಕುಂಬಳಕಾಯಾ?” ಅಂತ ಬಿದ್ದು ಬಿದ್ದು ನಕ್ಕ. ಆಮೇಲೆ ಮಗ್ಗ ನಿಲ್ಸಿ, ನನ್ನನ್ನೇ ನೋಡ್ತಾ ಹೇಳ್ದ:

“ಅವತ್ತು ನೀನು ಹೆಗಲು ಮುಟ್ಕೊಂಡಿದ್ದು ನಾನು ನೋಡ್ದೆ ಕಣೋ. ನೋವೇನೋ ಅಂದ್ಕೊಂಡೆ. ಅದಕ್ಕೇ ಟ್ರಾಲಿ ತಳ್ಳೋಕೆ ನಿನ್ನ ಕರೀಲಿಲ್ಲ.”